ಆ ಕೆಂಪು ಬಿಟ್ಟವರು ಯಾರು?

ಶುಕ್ರವಾರ ಸಂಜೆಯಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. "ತಂಗೀ, ಆ ಕೆಂಪು ಬಿಟ್ಟವ್ರು ಯಾರು? ಯಾರಿಗಾದ್ರೂ ಏನಾದ್ರೂ ಆಯ್ತಾ?"

ಕಾರವಾರದ ಕಡಲತೀರದಲ್ಲಿ ಶನಿವಾರ ರಾತ್ರಿ ನಮ್ಮ ಸಂಘದ ಸಿಡಿಮದ್ದು ಪ್ರದರ್ಶನ ಇತ್ತು. ಸುಮ್ನೆ ಢಂ ಢಂ ಅನ್ನಿಸುವುದಲ್ಲ, ಸಂಗೀತಕ್ಕೆ ಹೊಂದಿಸಿದ ಪ್ರದರ್ಶನ. ಸಂಗೀತದ ಜವಾಬ್ದಾರಿ ನನ್ನದು. ನಮ್ಮ ಕಡೆಯ ಚಂಡೆ, ಮದ್ದಳೆ, ಗುಮಟೆ ಇಷ್ಟೇ ಸಾಕು, ಹೊರಗಿನ ಹಾಡು ಯಾವುದೂ ಬೇಡ ಅಂತ ಹಟ ಹಿಡಿದು ರೆಕಾರ್ಡ್ ಮಾಡಿಸಿದ್ದೆ. ಮೊದಲು ಗುಮಟೆ ಒಂದೇ, ನಿಧಾನಕ್ಕೆ. ಒಂದೊಂದು ಪೆಟ್ಟಿಗೆ ಒಂದೊಂದೇ ಕೆಂಪು ಬೆಳಕು ನೆಲದಿಂದ ನೇರ ಮೇಲೇಳಬೇಕು. ಆಮೇಲೆ ಚಂಡೆ ಸೇರಬೇಕು, ಆಕಾಶ ತುಂಬಬೇಕು. ಕಣ್ಣು ಮುಚ್ಚಿದರೆ ಇಡೀ ಪ್ರದರ್ಶನ ನನಗೆ ಮೊದಲೇ ಕಾಣುತ್ತಿತ್ತು.

ಈ ಕೆಲಸದ ಲೆಕ್ಕಾಚಾರ ಹೊರಗಿನಿಂದ ನೋಡುವವರಿಗೆ ತಿಳಿಯುವುದಿಲ್ಲ. ಮೂರು ಇಂಚಿನ ಒಂದು ಶೆಲ್, ಅಂದರೆ ಮೇಲೆ ಹೋಗಿ ಒಡೆಯುವ ಮದ್ದಿನ ಉಂಡೆ, ಕೊಳವೆಯಿಂದ ಹೊರಟು, ಸುಮಾರು 300 ಅಡಿ ಏರಿ ಅರಳುವುದಕ್ಕೆ ಎರಡೂವರೆ, ಮೂರು ಸೆಕೆಂಡ್ ಹಿಡಿಯುತ್ತದೆ. ಅಂದರೆ ಚಂಡೆಯ ಪೆಟ್ಟು ಬೀಳುವುದಕ್ಕೆ ಅಷ್ಟು ಮೊದಲೇ ಕೆಳಗೆ ಕಿಡಿ ಮುಟ್ಟಿರಬೇಕು. ಎಲ್ಲ ಶೆಲ್‌ಗಳೂ ಒಂದೇ ಸಮಕ್ಕೆ ಒಡೆಯುವುದಿಲ್ಲ. ಹಾಗಾಗಿ ಚಂಡೆಯ ಬಿರುಸಿನ ಪೆಟ್ಟುಗಳಿಗೆ ಶೆಲ್ ನಂಬುವ ಹಾಗಿಲ್ಲ. ಅಲ್ಲಿಗೆ ನೆಲದಿಂದಲೇ ಚಿಮ್ಮುವ ಮದ್ದು ಬೇಕು, ಅದು ಕಿಡಿ ತಗುಲಿದ ಕೂಡಲೇ ಕಾಣುತ್ತದೆ. ಇನ್ನು ಸದ್ದಿನ ಕಥೆಯೇ ಬೇರೆ. ಬೆಳಕು ತಕ್ಷಣ ಕಣ್ಣಿಗೆ ಬರುತ್ತದೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. 170 ಮೀಟರ್ ದೂರ ಕೂತವರಿಗೆ ಸ್ಫೋಟದ ಸದ್ದು ಅರ್ಧ ಸೆಕೆಂಡ್ ತಡ. ಅದಕ್ಕೇ ಸ್ಪೀಕರುಗಳನ್ನು ಜನರ ಹತ್ತಿರವೇ ಇಟ್ಟು, ಬೆಳಕನ್ನು ಸಂಗೀತಕ್ಕೆ ಹೊಂದಿಸುವುದು.

ಮದ್ದಿನವರ ತಂಡದ ಹಿರಿಯ ಬಹಳ ಕಡಿಮೆ ಮಾತಿನ ಮನುಷ್ಯ. ಪ್ರತಿ ಕೊಳವೆಗೂ ಬೆಂಕಿಕಡ್ಡಿಯ ತಲೆಯಂಥ ಇಗ್ನೈಟರ್ ಕಟ್ಟಿ, ವೈರು ಎಳೆದು, ಎಲ್ಲದರ ಮೇಲೂ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಿದ್ದರು. ಕಡಲ ಬದಿಯ ತೇವಕ್ಕೆ ಮದ್ದು ಮೆತ್ತಗಾದರೆ ಮುಗಿಯಿತು. ಕೊಳವೆಗಳ ಬಾಯಿ ಸ್ವಲ್ಪ ಕಡಲಿನ ಕಡೆಗೇ ವಾಲಿರಬೇಕು ಅಂತ ಒಂದೊಂದನ್ನೂ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಶೆಲ್‌ನ ಗಾತ್ರದ ಒಂದೊಂದು ಇಂಚಿಗೆ 70 ಅಡಿ ಲೆಕ್ಕದಲ್ಲಿ ಮೂರಿಂಚಿಗೆ 210 ಅಡಿ ದೂರ ಸಾಕಾಗುತ್ತಿತ್ತು. ಆದರೂ ಜನರನ್ನು ಅದರ ದುಪ್ಪಟ್ಟು ಹಿಂದೆ ಕೂರಿಸಿದರು. ನನಗೆ ಅವರ ಮೇಲೆ ಬಹಳ ಗೌರವ.

ನಮ್ಮ ಅಧ್ಯಕ್ಷರದು ಬೇರೆ ಜಾತಕ. "ಸದ್ದಿಲ್ಲದಿದ್ದರೆ ಅದೆಂಥ ಮದ್ದು" ಅಂತ ಪ್ರತಿ ಸಭೆಯಲ್ಲೂ ಅದೇ ರಾಗ. 2016ರ ಏಪ್ರಿಲ್‌ನಲ್ಲಿ ಕೊಲ್ಲಂ ಹತ್ತಿರದ ಪುಟ್ಟಿಂಗಲ್ ದೇವಸ್ಥಾನದಲ್ಲಿ ಸಿಡಿಮದ್ದಿನಿಂದ 100ಕ್ಕೂ ಹೆಚ್ಚು ಜನ ಸತ್ತದ್ದನ್ನು ನೆನಪಿಸಿದಾಗ ಮಾತ್ರ ಸುಮ್ಮನಾದರು. ಒಳ್ಳೆಯವರೇ, ಊರಿಗಾಗಿ ಓಡಾಡುತ್ತಾರೆ. ಆದರೆ ಎದುರಿಗೆ ಕುರ್ಚಿಯಲ್ಲಿ ಕೂತವರನ್ನು ಬಿಟ್ಟರೆ ಬೇರೆ ಯಾರೂ ಅವರ ಕಣ್ಣಿಗೆ ಬೀಳುವುದಿಲ್ಲ.

ಶುಕ್ರವಾರ ಕತ್ತಲಾದ ಮೇಲೆ ಮದ್ದಿನವರು ಪರೀಕ್ಷೆಗೆಂದು ಒಂದು ಕೆಂಪು ಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಗಾಳಿ ಎಷ್ಟು ಎಳೆಯುತ್ತದೆ ನೋಡುವುದಕ್ಕೆ. ಎರಡೂ ಚೆನ್ನಾಗಿ ಹೋದವು. ನಾನು ಫೋನಿನಲ್ಲಿ ಸೆಕೆಂಡ್ ಬರೆದುಕೊಳ್ಳುತ್ತಿದ್ದೆ. ಆಗ ಬಂದರು ತಾಂಡೇಲ ಮಾಮ. ದಡಕ್ಕೆ ಎಳೆಯುವ ರಂಪಣಿ ಬಲೆಯ ಮೀನುಗಾರರು. ವಯಸ್ಸಾಗಿದೆ, ಆದರೂ ಮರಳಿನ ಮೇಲೆ ಓಡುತ್ತಾ ಬಂದರು. ಬಂದವರೇ ಆ ಪ್ರಶ್ನೆ ಕೇಳಿದರು.

"ನಾವೇ ಮಾಮ. ನಾಳೆಯ ಕಾರ್ಯಕ್ರಮಕ್ಕೆ ಪರೀಕ್ಷೆ."

"ಯಾರಿಗೂ ಏನೂ ಆಗ್ಲಿಲ್ಲ ಅಲ್ಲ?"

"ಇಲ್ಲ ಮಾಮ."

ಅವರು ಒಮ್ಮೆ ಉಸಿರು ಬಿಟ್ಟರು. ಆಮೇಲೆ ಫೋನು ತೆಗೆದು ಕೊಂಕಣಿಯಲ್ಲಿ ಮಗನಿಗೆ ಹೇಳಿದರು. ಮಗ ಆಗಲೇ ಬಲೆ ಎತ್ತಿಕೊಂಡು ನಾಡದೋಣಿ ತಿರುಗಿಸಿ ಈ ಕಡೆಗೆ ಹೊರಟಾಗಿತ್ತು. ಅವನ ಜೊತೆಗೆ ಇನ್ನೊಂದು ದೋಣಿಯೂ.

ಕಡಲಿನಲ್ಲಿ ಒಂಟಿ ಕೆಂಪು ಬೆಳಕು ಮೇಲೆ ಹಾರಿದರೆ ಅದು ಕೂಗು. ನಾವು ಅಪಾಯದಲ್ಲಿದ್ದೇವೆ, ಬನ್ನಿ ಅಂತ. ದೊಡ್ಡ ಹಡಗಿನವರು ಹಾರಿಸುವ ಪ್ಯಾರಾಚೂಟ್ ಫ್ಲೇರ್ ಕೆಂಪು, ಕೈಯಲ್ಲಿ ಹಿಡಿಯುವ ಫ್ಲೇರ್ ಕೂಡ ಕೆಂಪು. ಜಗತ್ತಿನ ಯಾವ ಕಡಲಿಗೆ ಹೋದರೂ ಇದೇ ನಿಯಮ. ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಜಿಲ್ಲಾಡಳಿತಕ್ಕೆ, ಕರಾವಳಿ ಕಾವಲು ಪೊಲೀಸರಿಗೆ ಎಲ್ಲ ಸಂಘದಿಂದ ಪತ್ರ ಹೋಗಿತ್ತು. ಎಲ್ಲದರಲ್ಲೂ ಇದ್ದದ್ದು ಶನಿವಾರದ ಹೊತ್ತು. ಶುಕ್ರವಾರ ಸಂಜೆ ನೀರಿನ ಮೇಲಿದ್ದವರಿಗೆ ಕಂಡದ್ದು ಕತ್ತಲಲ್ಲಿ ಎದ್ದ ಎರಡು ಕೆಂಪು, ಅಷ್ಟೇ.

ಆ ಮಾತುಕತೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಅವರು ಬೈಯಬಹುದಿತ್ತು. ಬೈದಿದ್ದರೆ ನನಗೆ ಇಷ್ಟು ತಟ್ಟುತ್ತಿರಲಿಲ್ಲ. ಅವರ ಬಾಯಿಂದ ಬಂದದ್ದು ಯಾರಿಗಾದರೂ ಏನಾದರೂ ಆಯಿತಾ ಅನ್ನುವ ಮಾತು. ಮಗನಂತೂ ಅದನ್ನೂ ಕೇಳಲಿಲ್ಲ, ಬಲೆ ಎತ್ತಿ ಹೊರಟೇಬಿಟ್ಟ. ಮೀನು ಸಿಗುತ್ತಿದ್ದ ಹೊತ್ತು ಅದು. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ರಾತ್ರಿ ಕುಸಿದು ಲಾರಿ ನೀರಿಗೆ ಬಿದ್ದಾಗಲೂ ಚಾಲಕನನ್ನು ಉಳಿಸಲು ನೀರಿಗಿಳಿದವರಲ್ಲಿ ಮೀನುಗಾರರಿದ್ದರು. ಹೊಳೆಯಲ್ಲಾಗಲಿ ಕಡಲಲ್ಲಾಗಲಿ, ಯಾರು ಏನು ಅಂತ ವಿಚಾರಿಸುತ್ತಾ ನಿಲ್ಲುವ ಪದ್ಧತಿ ಇವರಲ್ಲಿ ಇಲ್ಲ. ಅರ್ಧ ಸೆಕೆಂಡಿನ ಲೆಕ್ಕವನ್ನು ನಾವು ದಡದವರಿಗಾಗಿ ಅಷ್ಟು ಕಾಳಜಿಯಿಂದ ಹಾಕಿದ್ದೆವು. ಕಡಲಿನ ಕಡೆಯಿಂದ ನೋಡುವವರಿಗೆ ಇದು ಹೇಗೆ ಕಾಣುತ್ತದೆ ಅನ್ನುವುದು ಯಾವ ಸಭೆಯಲ್ಲೂ ಬಂದಿರಲಿಲ್ಲ. ಕಾರವಾರದಲ್ಲಿ ಬಂದಿರಲಿಲ್ಲ! ಊರಿನ ಅರ್ಧ ಬದುಕು ನೀರಿನ ಮೇಲೇ ಇರುವ ಕಡೆ.

ರಾತ್ರಿಯೇ ಎಲ್ಲರೂ ಕೂತೆವು. ಒಂಟಿ ಕೆಂಪು ಒಂದೂ ಇರಬಾರದು ಅಂದೆ. ಅಧ್ಯಕ್ಷರು ಒಪ್ಪಲಿಲ್ಲ. ಹಸಿರಿಗೆ ಬೇಕಾದ ಬೇರಿಯಂ ಲವಣವನ್ನು ಪಟಾಕಿಯಲ್ಲಿ ಬಳಸದಂತೆ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಾಗಿ ನಮ್ಮ ಹತ್ತಿರ ಕಣ್ಣಿಗೆ ಹೊಡೆಯುವ ಬಣ್ಣ ಅಂದರೆ ಕೆಂಪೇ. "ಅದನ್ನೂ ತೆಗೆದರೆ ಏನು ಉಳಿಯಿತು? ಮೀನುಗಾರರಿಗೆ ಗೊತ್ತಾಗುತ್ತೆ ಬಿಡಿ" ಅಂದರು. ನನಗೆ ಸಿಟ್ಟು ಬಂತು. ಗೊತ್ತಾಗಲಿ ಅಂತಲೇ ನಾವು ಹೇಳಬೇಕು ಅಲ್ವಾ? ಅಷ್ಟರಲ್ಲಿ ಮದ್ದಿನ ಹಿರಿಯರು, "ಬಂಗಾರದ ಬಣ್ಣದ್ದು ಇದೆ. ಬದಲಾಯಿಸಿ ಕೊಡ್ತೇನೆ" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು. ಬೆಳಗಿನ ತನಕ ಕೂತು ಗುಮಟೆಯ ಭಾಗ ಪೂರ್ತಿ ಹೊಸದಾಗಿ ಹೊಂದಿಸಿದೆವು. ಕೆಂಪು ಉಳಿದದ್ದು ಕೊನೆಯಲ್ಲಿ, ಬೇರೆ ಬಣ್ಣಗಳ ನಡುವೆ ಮಾತ್ರ.

ಬೆಳಿಗ್ಗೆ ತಾಂಡೇಲ ಮಾಮನ ಹತ್ತಿರ ಹೋದೆ. ಮೀನುಗಾರರ ವಾಟ್ಸಾಪ್ ಗುಂಪುಗಳಿಗೆಲ್ಲ ಅವರೇ ಕೊಂಕಣಿಯಲ್ಲಿ ಧ್ವನಿ ಸಂದೇಶ ಕಳಿಸಿದರು. ವೈರ್‌ಲೆಸ್‌ನಲ್ಲೂ ತಿಳಿಸಲು ಕರಾವಳಿ ಕಾವಲಿನವರು ಒಪ್ಪಿದರು. ಮಾಮ ಇನ್ನೊಂದು ಮಾತನ್ನೂ ಹೇಳಿದರು.

"ಎಂಟು ಗಂಟೆಗೆ ಬಿಡಬೇಡ ತಂಗೀ. ಆ ಹೊತ್ತಿಗೆ ಪಡುಗಾಳಿ ನಿಂತಿರ್ತದೆ. ಹೊಗೆ ಅಲ್ಲೇ ಕೂತ್ಕೊಳ್ತದೆ. ಒಂಬತ್ತು ದಾಟ್ಲಿ, ಮೂಡುಗಾಳಿ ಏಳ್ತದೆ."

ನಮಗೆ ಹತ್ತರವರೆಗೆ ಅನುಮತಿ ಇತ್ತು. ಒಂಬತ್ತೂ ಕಾಲಕ್ಕೆ ಶುರು ಮಾಡಿದೆವು. ಅವರು ಹೇಳಿದ ಹಾಗೇ ಗುಡ್ಡದ ಕಡೆಯಿಂದ ತಣ್ಣಗೆ ಗಾಳಿ ಬಂತು. ಹೊಗೆಯೆಲ್ಲ ಕಡಲಿನ ಕಡೆಗೆ ಹೋಯಿತು. ಪ್ರತಿ ಬೆಳಕೂ ತೊಳೆದ ಹಾಗೆ ಕಾಣುತ್ತಿತ್ತು. ಗುಮಟೆಯ ಪೆಟ್ಟಿಗೆ ಬಂಗಾರದ ಬಣ್ಣ ಒಂದೊಂದಾಗಿ ಏಳುವಾಗ ನನ್ನ ಪಕ್ಕದ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಕೆಂಪಿಗಿಂತ ಚೆನ್ನಾಗಿತ್ತು, ನಿಜ ಹೇಳುತ್ತೇನೆ.

ಸೋಮವಾರ ಮೀನು ಮಾರುಕಟ್ಟೆಯ ಹತ್ತಿರ ಮಾಮನ ಮಗ ಸಿಕ್ಕ. ದೋಣಿಯಿಂದಲೇ ನೋಡಿದನಂತೆ. "ಚೆಂದ ಇತ್ತು ಅಕ್ಕ. ಆದ್ರೆ ಪದ ಗಿದ ಒಂದೂ ಕೇಳ್ಲಿಲ್ಲ. ನಮ್ಗೆ ಬರೇ ಬೆಳಕು." ಇದನ್ನೂ ಯಾರೂ ಯೋಚಿಸಿರಲಿಲ್ಲ. ಮುಂದಿನ ಸಲ ಸಂಗೀತವನ್ನು ಮೊದಲೇ ಅವರ ಫೋನಿಗೆ ಕಳಿಸಿ, ಇಂತಿಷ್ಟು ಹೊತ್ತಿಗೆ ಹಚ್ಚಿ ಅಂದರೆ ಆಯಿತಲ್ಲ? ಅಷ್ಟು ಸಣ್ಣ ಕೆಲಸ.

ಶುಕ್ರವಾರ ಸುಟ್ಟ ಎಣ್ಣೆಯ ದುಡ್ಡು ಕೊಡುತ್ತೇವೆ ಅಂದರೆ ಬೇಡ ಅಂದ. ಆದರೆ ಅವನು ಬೇಡ ಅಂದದ್ದಕ್ಕೆ ನಾವು ಸುಮ್ಮನಿರುವುದು ಸರಿಯಲ್ಲ. ಎರಡೂ ದೋಣಿಯವರ ಎಣ್ಣೆ, ಬಿಟ್ಟು ಬಂದ ಮೀನು, ಎಲ್ಲ ನಮ್ಮ ಕಾರ್ಯಕ್ರಮದ ಖರ್ಚೇ. ಭಾನುವಾರ ಲೆಕ್ಕದ ಸಭೆ ಇದೆ. ಶಾಮಿಯಾನ, ಸ್ಪೀಕರು, ಮದ್ದು ಎಲ್ಲದರ ಜೊತೆಗೆ ಅದನ್ನೂ ಬರೆಸದೆ ನಾನು ಏಳುವುದಿಲ್ಲ.