ಕೊಕ್ಕರೆಯ ಕಣ್ಣು ಎಲ್ಲಿಡಬೇಕು?

ನಾನು ಮೊದಲು ಮಾಡಿಕೊಟ್ಟ ಟೈಲ್ಸ್ ಚಿತ್ರದಲ್ಲಿ ಒಂದು ಕೊಕ್ಕರೆ ಇತ್ತು. ಅಡ್ಡಕ್ಕೆ ಆರು, ಮೇಲಿಂದ ಕೆಳಕ್ಕೆ ನಾಲ್ಕು, ಒಟ್ಟು 24 ಟೈಲ್ಸ್. ಸುಟ್ಟು ತೆಗೆದಾಗ ಬಣ್ಣ ಎಲ್ಲ ಸರಿಯಾಗಿಯೇ ಬಂದಿತ್ತು, ನೆಲದ ಮೇಲೆ ಒತ್ತೊತ್ತಾಗಿ ಜೋಡಿಸಿ ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿಯೂ ಆಗಿತ್ತು. ಗೋಡೆಗೆ ಅಂಟಿಸಿ, ಸಂದುಗಳಿಗೆ ಗ್ರೌಟ್ ಅನ್ನೋ ಸಿಮೆಂಟಿನಂಥ ಗಾರೆ ತುಂಬಿದ ಮೇಲೆ ನೋಡಿದರೆ ಕೊಕ್ಕರೆಯ ಕಣ್ಣು ಸೀಳಿಹೋಗಿದೆ. ಎರಡು ಟೈಲ್ಸ್ ಸೇರುವ ಅಂಚಿನಲ್ಲೇ ಅದನ್ನು ಬಿಡಿಸಿದ್ದೆ. ಅರ್ಧ ಕಣ್ಣು ಈ ಕಡೆ, ಅರ್ಧ ಆ ಕಡೆ, ನಡುವೆ ಬೆಳ್ಳಗೆ 3 ಮಿಲಿಮೀಟರ್ ಗೆರೆ. ಆ ಮನೆಯವರು ಪಾಪ, ಚೆನ್ನಾಗಿದೆ ಅಂದರು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಅಲ್ಲಿಂದ ಮುಂದೆ ಕಾಗದದ ಮೇಲೆ ನಾನು ಮೊದಲು ಎಳೆಯುವುದು ಸಂದುಗಳನ್ನು. ಚಿತ್ರ ಆಮೇಲೆ. ಮುಖ, ಕಣ್ಣು, ಬೆರಳು, ಹೂವಿನ ನಡುಭಾಗ, ಇವೆಲ್ಲ ಒಂದೇ ಟೈಲ್ಸ್ ಒಳಗೆ ಕೂರಬೇಕು. ನೀರಿನ ಅಂಚು ಸರಿಯಾಗಿ ಸಂದಿನ ಮೇಲೆ ಬಂದರೆ ಗೆರೆಯೊಳಗೆ ಗೆರೆ ಮುಳುಗಿಹೋಗುತ್ತದೆ, ಅದನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವುದು ಓರೆ ಗೆರೆ. ಒಂದು ತೆಳು ಕೊಂಬೆ ಓರೆಯಾಗಿ ನಾಲ್ಕು ಟೈಲ್ಸ್ ದಾಟುತ್ತದೆ ಅಂದುಕೊಳ್ಳಿ. ಸಂದು ಬಿಡದೆ ಒತ್ತಿಟ್ಟು ಬಿಡಿಸಿದ್ದರೆ, ಗೋಡೆಯ ಮೇಲೆ ಪ್ರತಿ ಸಂದಿನಲ್ಲೂ ಅದು ಒಂಚೂರು ಜಾರಿ, ಮುರಿದು ಅಂಟಿಸಿದ ಕಡ್ಡಿ ಥರ ಕಾಣುತ್ತದೆ. ಅದಕ್ಕೇ ಗೋಡೆಯಲ್ಲಿ ಸಂದು ಸಮ ಬರಲು ಟೈಲ್ಸ್ ನಡುವೆ ಸಿಕ್ಕಿಸುವ ಪುಟ್ಟ ತುಂಡುಗಳನ್ನೇ, ಅಂದರೆ ಸ್ಪೇಸರುಗಳನ್ನೇ, ಮೇಜಿನ ಮೇಲೂ ಇಟ್ಟು, ಅಷ್ಟೇ ಜಾಗ ಬಿಟ್ಟು ಜೋಡಿಸಿ, ಆಮೇಲೆ ಚಿತ್ರ ಇಳಿಸುತ್ತೇನೆ. ಇಳಿಸುವುದು ಹಳೇ ಉಪಾಯ: ಗೆರೆಗಳ ಉದ್ದಕ್ಕೂ ಸೂಜಿಯಲ್ಲಿ ಚುಚ್ಚಿದ ಕಾಗದ ಹಾಸಿ, ಬಟ್ಟೆಯ ಗಂಟಿನಲ್ಲಿ ಇದ್ದಿಲ ಪುಡಿ ಕಟ್ಟಿ ಮೇಲೆ ತಟ್ಟುವುದು. ಚುಕ್ಕಿ ಚುಕ್ಕಿಯಾಗಿ ಚಿತ್ರ ಮೂಡುತ್ತದೆ. ಉಳಿದ ಇದ್ದಿಲು ಟೈಲ್ಸ್ ಸುಡುವ ಕುಲುಮೆಯಲ್ಲಿ, ಅಂದರೆ ಕಿಲ್ನಿನಲ್ಲಿ, ಉರಿದುಹೋಗುತ್ತದೆ, ಒರೆಸುವ ಕೆಲಸವೂ ಇಲ್ಲ.

ಬಣ್ಣ ಹಾಕುವುದು ಒಂಥರಾ ಕಣ್ಣುಮುಚ್ಚಿ ಮಾಡುವ ಕೆಲಸ. ನಾನು ಒಮ್ಮೆ ಸುಟ್ಟು, ಗ್ಲೇಜ್ (ಸುಟ್ಟಾಗ ಗಾಜಿನ ಹಾಗಾಗುವ ಲೇಪ) ಹಾಕದ ಬಿಸ್ಕ್ ಟೈಲ್ಸ್ ಮೇಲೆ ಬಿಡಿಸುತ್ತೇನೆ. ಅದು ಕುಂಚ ತಾಗಿದ ತಕ್ಷಣ ನೀರು ಹೀರಿಕೊಳ್ಳುತ್ತದೆ, ಒಮ್ಮೆ ಎಳೆದ ಗೆರೆ ಎಳೆದ ಹಾಗೇ. ಕೋಬಾಲ್ಟ್ ಆಕ್ಸೈಡ್ ಕೈಯಲ್ಲಿರುವಾಗ ಕಪ್ಪು ಪುಡಿ. ಅದರಲ್ಲಿ ಆಕಾಶ ಬಿಡಿಸುತ್ತಾ ಕೂತರೆ ಪಕ್ಕದಲ್ಲಿ ನಿಂತವರಿಗೆ ಮಸಿ ಬಳಿಯುತ್ತಿದ್ದಾರೆ ಅನ್ನಿಸುತ್ತದೆ. ಮೇಲೆ ಪಾರದರ್ಶಕ ಗ್ಲೇಜ್ ಹಾಕಿ ಸುಮಾರು 1000ದಿಂದ 1060 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟಾಗ ಆ ಮಸಿ ನೀಲಿಯಾಗುತ್ತದೆ. ಬಣ್ಣ ಗಾಜಿನ ಪದರದ ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಹಾಗಾಗಿ ಎಷ್ಟು ಒರೆಸಿದರೂ ಅದಕ್ಕೆ ಏನೂ ಆಗುವುದಿಲ್ಲ. ಪೋರ್ಚುಗಲ್ಲಿನ ಲಿಸ್ಬನ್ನಿನ ಟೈಲ್ಸ್ ಮ್ಯೂಸಿಯಮ್ಮಿನಲ್ಲಿ ಆ ಊರಿನದೇ ನೋಟ ಇರುವ ಸುಮಾರು 23 ಮೀಟರ್ ಉದ್ದದ ನೀಲಿ-ಬಿಳಿ ಚಿತ್ರ ಇದೆ, 1700ರ ಆಸುಪಾಸಿನದು. 1755ರ ಭೂಕಂಪಕ್ಕೆ ಆ ಊರಿನ ಬಹುಪಾಲು ಬಿದ್ದುಹೋಯಿತು. ಟೈಲ್ಸ್ ಮೇಲಿನ ಊರು ಮಾತ್ರ ಇವತ್ತಿಗೂ ನೀಲಿಯಾಗೇ ಇದೆ.

ಸಾಮಾನ್ಯ ಬಿಳಿ ಟೈಲ್ಸ್ ತಂದು ಅದರ ಮೇಲೆ ಅಕ್ರಿಲಿಕ್ ಬಳಿದರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಒಣ ಗೋಡೆಗೆ ಸುಮ್ನೆ ಅಂದಕ್ಕೆ ಅಂದರೆ ಆಗುತ್ತದೆ. ಸಿಂಕ್ ಹಿಂದೆ, ಸ್ನಾನದ ಮನೆಯಲ್ಲಿ ಬೇಡ, ಸಿಪ್ಪೆ ಏಳುತ್ತದೆ. ಗ್ಲೇಜ್ ಆದ ಟೈಲ್ಸ್ ಮೇಲೆ ಬಿಡಿಸಲೇಬೇಕು ಅಂದರೆ ಅದಕ್ಕೆಂದೇ ಬೇರೆ ಬಣ್ಣಗಳಿವೆ. ಅವನ್ನೂ 800 ಡಿಗ್ರಿ ಹತ್ತಿರ ಸುಡಲೇಬೇಕು.

ಇನ್ನೊಂದು ಪಾಠ ಟೈಲ್ಸ್ ಹಿಂಬದಿಯದು. ಎರಡನೇ ಕೆಲಸದಲ್ಲಿ ಎಲ್ಲದರ ಬೆನ್ನಿಗೂ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದು ಬಹಳ ಜಾಣನ ಹಾಗೆ ಕಿಲ್ನಿಗೆ ಹಾಕಿದ್ದೆ. ಅಷ್ಟು ಬಿಸಿಗೆ ಶಾಯಿ ಉಳಿಯುತ್ತದಾ? ಒಂದು ನಂಬರೂ ಉಳಿದಿರಲಿಲ್ಲ. ಅದರಲ್ಲಿ ಮುಕ್ಕಾಲು ಭಾಗ ಬರೀ ಆಕಾಶ, 30 ಟೈಲ್ಸ್ ಒಂದರ ಹಾಗೇ ಇನ್ನೊಂದು, ಮೋಡದ ಬಾಲ ಹುಡುಕುತ್ತಾ ಇಡೀ ದಿನ ನೆಲದ ಮೇಲೆ ಕೂತಿದ್ದೆ. ಈಗ ಚಿತ್ರಕ್ಕೆ ಬಳಸುವ ಬಣ್ಣದಲ್ಲೇ ನಂಬರ್ ಬರೆಯುತ್ತೇನೆ. ಪಕ್ಕದಲ್ಲಿ ಮೇಲ್ಮುಖವಾಗಿ ಒಂದು ಬಾಣ. ಬಾಣ ಯಾಕೆ ಅಂದರೆ, ಅಂಟಿಸುವವರ ಕೈಯಲ್ಲಿ ಅರ್ಧ ಮೋಡ ತಲೆಕೆಳಗಾಗಲು ಜಾಸ್ತಿ ಹೊತ್ತು ಬೇಕಿಲ್ಲ.

ಗೋಡೆಯ ಅಳತೆ ಕೊಡುವವರಿಗೆ ಒಂದು ಮಾತು. ಸ್ವಿಚ್ ಬೋರ್ಡ್ ಎಲ್ಲಿ ಬರುತ್ತದೆ, ನಲ್ಲಿ ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳಿ. ಸುಟ್ಟ ಮೇಲೆ ನವಿಲಿನ ಎದೆಗೆ ತೂತು ಕೊರೆಯಲು ನನ್ನ ಕೈ ಏಳುವುದಿಲ್ಲ.

ಕೊಕ್ಕರೆ ಇನ್ನೂ ಆ ಗೋಡೆಯ ಮೇಲೇ ಇದೆ. ಹೋದ ಸಲ ಆ ಮನೆಗೆ ಹೋದಾಗ ಹತ್ತಿರ ನಿಂತು ನೋಡಿದೆ. ಸೀಳಿದ ಕಣ್ಣಿನ ನಡುವೆ, ಗ್ರೌಟ್ ಮೇಲೆ, ಯಾರೋ ಕಪ್ಪು ಪೆನ್ನಿನಲ್ಲಿ ಪುಟ್ಟ ಚುಕ್ಕಿ ಇಟ್ಟಿದ್ದಾರೆ. ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.