ಐಸ್‌ಕ್ರೀಮ್ ಯಂತ್ರದ ಆರೈಕೆ: ಇಲ್ಲಿಯವರೆಗೆ ಆದದ್ದು

ಕಿರುಗುಟ್ಟುವ ಸದ್ದು ನಿಂತಿದೆ. ಮುಚ್ಚಳದ ಕಮಟು ವಾಸನೆ ಮುಕ್ಕಾಲು ಪಾಲು ಹೋಗಿದೆ. ಅಕ್ಕ ಬಳಸದೆ ಇಟ್ಟಿದ್ದ ಈ ಪುಟ್ಟ ಯಂತ್ರ ನನ್ನ ಕೈಗೆ ಬಂದಾಗ ಇದ್ದ ದೊಡ್ಡ ತೊಂದರೆಗಳು ಇವೆರಡೇ. ಎರಡಕ್ಕೂ ಮೂಲ ಒಂದೇ ಎಂದು ಈಗ ಖಾತ್ರಿಯಾಗಿದೆ: ಸರಿಯಾಗಿ ತೊಳೆದು ಒಣಗಿಸದೆ ಎತ್ತಿಡುವುದು.

ಬೌಲ್

ಬೌಲನ್ನು ಮೊದಲೇ ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿಕೊಳ್ಳುವ ಬಗೆಯ ಯಂತ್ರ ಇದು. ಬೌಲಿಗೆ ಎರಡು ಪದರದ ಗೋಡೆ, ನಡುವೆ ತಂಪು ಹಿಡಿದಿಡುವ ದ್ರವ. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಇರುವ ಫ್ರೀಜರಿನಲ್ಲಿ ಸುಮಾರು 16ರಿಂದ 24 ಗಂಟೆ ಇಟ್ಟರೆ ಆ ದ್ರವ ಪೂರ್ತಿ ಗಟ್ಟಿಯಾಗುತ್ತದೆ. ಗೋಡೆಗಳನ್ನು ಕೂಡಿಸಿದ ಬೆಸುಗೆ ಬಿಟ್ಟು ದ್ರವ ಸೋರತೊಡಗಿದರೆ ಬೌಲಿನ ಆಯಸ್ಸು ಮುಗಿದಂತೆ, ಮತ್ತೆ ಬಳಸಬಾರದು. ಹಾಗಾಗಿ ಕುದಿನೀರು, ಡಿಶ್‌ವಾಷರ್ ಎರಡೂ ಇದಕ್ಕೆ ಸಲ್ಲ. ಒಳಗೋಡೆ ಅಲ್ಯೂಮಿನಿಯಂ ಆದ್ದರಿಂದ ಸ್ಟೀಲ್ ನಾರು, ಲೋಹದ ಚಮಚವನ್ನೂ ದೂರ ಇಟ್ಟಿದ್ದೇನೆ. ಕೆರೆಯುವುದೇನಿದ್ದರೂ ಸಿಲಿಕೋನ್ ಸ್ಪ್ಯಾಚುಲಾದಲ್ಲಿ.

ಐಸ್‌ಕ್ರೀಮ್ ತೆಗೆದ ಕೂಡಲೇ ಬೌಲಿಗೆ ನೀರು ಹಾಕಿದರೆ ಅದು ಅಲ್ಲೇ ಗೋಡೆಗೆ ಮಂಜುಗಡ್ಡೆಯಾಗಿ ಅಂಟಿಕೊಳ್ಳುತ್ತದೆ. ಆದ್ದರಿಂದ ಬೌಲಿನ ತಂಪು ಇಳಿಯುವವರೆಗೆ ಕಾಯಲೇಬೇಕು. ಮಿಶ್ರಣ ಕಲಕುವ ಪ್ಯಾಡಲ್ ಮತ್ತು ಮುಚ್ಚಳಕ್ಕೆ ಕಾಯಬೇಕಿಲ್ಲ, ಅವನ್ನು ಆಗಲೇ ತೊಳೆಯುತ್ತೇನೆ.

ತೊಳೆಯುವ ಕ್ರಮ

ಮೊದಲು ತಣ್ಣೀರು, ಆಮೇಲೆ ಸೋಪು ಹಾಕಿದ ಬೆಚ್ಚನೆಯ ನೀರು. ಹಾಲಿನ ಪ್ರೋಟೀನ್ ಬಿಸಿ ತಾಗಿದರೆ ಗಟ್ಟಿಯಾಗಿ ಅಂಟುತ್ತದೆ, ಅದಕ್ಕೆ ತಣ್ಣೀರೇ ಒಳ್ಳೆಯದು. ಕ್ರೀಮಿನ ಜಿಡ್ಡು ಬಿಡಬೇಕಾದರೆ ಮಾತ್ರ ಬೆಚ್ಚನೆಯ ನೀರೇ ಬೇಕು. ಈ ಕ್ರಮ ಹಿಡಿದ ಮೇಲೆ ಉಜ್ಜುವ ಕೆಲಸ ಅರ್ಧಕ್ಕೆ ಇಳಿಯಿತು.

ಹೇಗೂ ಫ್ರೀಜರಿಗೆ ಹೋಗುತ್ತದಲ್ಲ, ಕ್ರಿಮಿಗಳು ಸಾಯುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಪ್ಪುಗಟ್ಟಿಸಿದರೆ ಬ್ಯಾಕ್ಟೀರಿಯಾಗಳ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಅವೆಲ್ಲ ಸಾಯುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯಬಲ್ಲದು. ಹಾಲು, ಮೊಟ್ಟೆ ತಾಗುವ ಪ್ರತಿ ಸಂದಿಯೂ ಶುಚಿಯಾಗಿರಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಮುಚ್ಚಳದ ವಾಸನೆ

ಮುಚ್ಚಳದ ಅಂಚಿನ ಒಳಗೆ ಒಂದು ಕಿರಿದಾದ ಸಂದಿ ಇದೆ, ಅಲ್ಲಿ ಹಳೆಯ ಕ್ರೀಮಿನ ಜಿಡ್ಡು ಹಳದಿಗಟ್ಟಿ ಕೂತಿತ್ತು. ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಹಾಕಿ ಮುಚ್ಚಳವನ್ನು ನೆನೆಸಿಟ್ಟು, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಹಾಗೆ ಮತ್ತೆ ಮತ್ತೆ ಮಾಡಿದ ಮೇಲೆ ವಾಸನೆ ತಗ್ಗಿದೆ. ಪ್ಲಾಸ್ಟಿಕ್ ಹೀರಿಕೊಂಡಿರುವ ವಾಸನೆ ನಿಧಾನವಾಗಿಯೇ ಹೋಗಬೇಕು. ಸೋಡಾ ನೀರನ್ನು ಅಲ್ಯೂಮಿನಿಯಂ ಬೌಲಿನಲ್ಲಿ ಮಾತ್ರ ನೆನೆಯಲು ಬಿಡಬೇಡಿ, ಲೋಹ ಕಪ್ಪಾಗುತ್ತದೆ. ನಿಂಬೆರಸದ ಸೋರ್ಬೆಯನ್ನೂ (ಹಾಲಿಲ್ಲದ ಐಸ್) ಅದರಲ್ಲಿ ಹಾಗೇ ಬಿಡುವುದು ಬೇಡ, ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ.

ಪ್ಯಾಡಲ್ ಮೇಲೆ ಸೋಪಿಗೆ ಜಗ್ಗದ ಬಿಳಿ ಪೊರೆ ಇತ್ತು. ಅದು ಹಾಲಿನ ಮತ್ತು ಗಡಸು ನೀರಿನ ಕ್ಯಾಲ್ಸಿಯಂ. ನೀರು ಬೆರೆಸಿದ ವಿನೆಗರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದೆ, ಹೋಯಿತು. ವಿನೆಗರನ್ನು ಬ್ಲೀಚಿನ ಜೊತೆ ಎಂದೂ ಬೆರೆಸಬಾರದು, ವಿಷದ ಕ್ಲೋರಿನ್ ಅನಿಲ ಏಳುತ್ತದೆ.

ಸದ್ದು

ನನಗೆ ಅತಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಮೊದಲ ಅನುಮಾನ ಮೋಟಾರಿನ ಗೇರ್ ಮೇಲೆ. ಆದರೆ ಹೆಪ್ಪುಗಟ್ಟಿಸದ ಬೌಲಿನಲ್ಲಿ ಸುಮ್ಮನೆ ಓಡಿಸಿದರೆ ಸದ್ದೇ ಇಲ್ಲ. ಫ್ರೀಜರಿನಿಂದ ತೆಗೆದ ಬೌಲ್ ಇಟ್ಟೊಡನೆ ಕಿರ್ ಕಿರ್. ಟಾರ್ಚ್ ಬಿಟ್ಟು ನೋಡಿದರೆ ಒಳಗೋಡೆಯ ತುಂಬ ತೆಳುವಾದ ಮಂಜಿನ ಪದರ, ಪ್ಯಾಡಲ್ ಅದಕ್ಕೆ ಉಜ್ಜುತ್ತಿತ್ತು.

ಸದ್ದಿಗಿಂತ ಈ ಪದರದಿಂದ ಆಗುವ ಕೇಡು ದೊಡ್ಡದು. ಪ್ಯಾಡಲ್‌ನ ಕೆಲಸ ಗೋಡೆಗೆ ತಾಗಿ ಹೆಪ್ಪುಗಟ್ಟುವುದನ್ನು ಕೆರೆದು ನಡುವಿಗೆ ತಳ್ಳುವುದು. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ, ಕೈಯಿಂದ ತಿರುಗಿಸುವ ಯಂತ್ರದ ಒಳಗೂ ತಿರುಗುವ ಪ್ಯಾಡಲ್ ಇತ್ತು. ಗೋಡೆಗೂ ಮಿಶ್ರಣಕ್ಕೂ ನಡುವೆ ಮಂಜು ಕೂತರೆ ತಂಪು ದಾಟುವುದು ತಡವಾಗುತ್ತದೆ. ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಹಿಮದ ಹರಳುಗಳು ದಪ್ಪವಾಗುತ್ತವೆ, ಐಸ್‌ಕ್ರೀಮ್ ನಾಲಿಗೆಗೆ ತರಿತರಿಯಾಗುತ್ತದೆ.

ಈಗ ತೊಳೆದ ಬೌಲನ್ನು ಬಟ್ಟೆಯಲ್ಲಿ ಒರೆಸಿ, ತಲೆಕೆಳಗಾಗಿಸಿ, ಗಾಳಿಯಾಡುವ ಕಡೆ ರಾತ್ರಿಯಿಡೀ ಬಿಡುತ್ತೇನೆ. ಫ್ರೀಜರಿಗಿಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತೇನೆ, ಅಲ್ಲಿನ ತೇವ ಒಳಗೆ ಇಳಿಯದಂತೆ. ಆಮೇಲೆ ಸದ್ದು ಬಂದಿಲ್ಲ. ಮಿಶ್ರಣ ಸುರಿಯುವ ಮೊದಲೇ ಮೋಟಾರ್ ಚಾಲೂ ಮಾಡುವುದೂ ರೂಢಿಯಾಗಿದೆ. ಇಲ್ಲದಿದ್ದರೆ ಮಿಶ್ರಣ ಗೋಡೆಗೆ ಹಿಡಿದು ಪ್ಯಾಡಲ್ ಸಿಕ್ಕಿಕೊಳ್ಳುತ್ತದೆ, ಗೇರಿಗೆ ಪೆಟ್ಟು.

ಮೋಟಾರ್ ಭಾಗಕ್ಕೆ ಪ್ಲಗ್ ತೆಗೆದು ಹಿಂಡಿದ ಬಟ್ಟೆಯಲ್ಲಿ ಒರೆಸುವುದಷ್ಟೇ. ಪ್ಯಾಡಲ್ ಸಿಕ್ಕಿಸುವ ಕಡೆ ಒಣಗಿದ ಮಿಶ್ರಣವಿತ್ತು, ಹತ್ತಿ ಕಡ್ಡಿಯಿಂದ ತೆಗೆದೆ.

ಮುಂದೆ

ಗೆಳೆಯನೊಬ್ಬನ, ಫ್ರಿಜ್ಜಿನಂತೆ ತಾನೇ ತಂಪು ಮಾಡುವ ಕಂಪ್ರೆಸರ್ ಇರುವ ಯಂತ್ರ ಶುಚಿ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ತಂಪು ಚೆನ್ನಾಗಿ ದಾಟಲೆಂದು ಅದರ ಬೌಲಿಗೂ ಅದು ಕೂರುವ ಒಳಗುಳಿಗೂ ನಡುವೆ ಅವನು ಉಪ್ಪುನೀರು ಹಾಕುತ್ತಾನೆ. ಅದನ್ನು ಒರೆಸದೆ ಬಿಟ್ಟರೆ ಲೋಹಕ್ಕೆ ತುಕ್ಕು, ಅಲ್ಲಿಂದಲೇ ಶುರು ಮಾಡಬೇಕು. ಆಮೇಲೆ ಗಾಳಿಕಿಂಡಿಯ ಧೂಳು. ತರುವಾಗ ಮಲಗಿಸದೆ ನೆಟ್ಟಗೇ ತಾ ಎಂದು ಹೇಳಿದ್ದೇನೆ. ದಾರಿಯಲ್ಲಿ ವಾಲಿದ್ದರೆ ಕಂಪ್ರೆಸರಿನ ಎಣ್ಣೆ ಕೆಳಗಿಳಿಯಲಿ ಎಂದು ಮರುದಿನದವರೆಗೆ ಚಾಲೂ ಮಾಡುವುದಿಲ್ಲ.