ಕೀಮೋ ವಾರ್ಡಿನಲ್ಲಿ ಒಂದು ಲೋಟ ತಣ್ಣೀರು

ಆಕ್ಸಾಲಿಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿಯ ಡ್ರಿಪ್ ಓಡುತ್ತಿದ್ದಾಗ ಪೇಶೆಂಟ್ ಕಡೆಯವರು ಡಿಸ್ಪೆನ್ಸರಿನ ನೀಲಿ ನಲ್ಲಿಯಿಂದ ನೀರು ಹಿಡಿದು ತಂದರು. ಎರಡು ಗುಟುಕು ಇಳಿದಿತ್ತೋ ಇಲ್ಲವೋ, ಪೇಶೆಂಟ್ ಕುತ್ತಿಗೆ ಹಿಡಿದುಕೊಂಡು "ಉಸಿರು ಕಟ್ತಿದೆ ಸಿಸ್ಟರ್" ಅಂದರು. ಆಗ ಮೊದಲು ಡ್ರಿಪ್ ನಿಲ್ಲಿಸಬೇಕು. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಪ್ರೋಬ್, ಬಿಪಿ, ಎದೆಗೆ ಸ್ಟೆತ್, ಮೈಮೇಲೆ ದದ್ದು ಎದ್ದಿದೆಯೇ ಎಂಬ ಹುಡುಕಾಟ. ಆಕ್ಸಿಜನ್ ಸ್ಯಾಚುರೇಶನ್ 98, ಬಿಪಿ ಸರಿ, ವೀಜ್ (ಎದೆಯ ಸಿಳ್ಳು) ಇಲ್ಲ, ಸ್ಟ್ರೈಡರ್ (ಉಸಿರೆಳೆದಾಗ ಗಂಟಲಿನ ಕರ್ಕಶ ಸದ್ದು) ಇಲ್ಲ, ದದ್ದೂ ಇಲ್ಲ. ಅನಾಫಿಲ್ಯಾಕ್ಸಿಸ್, ಅಂದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಿದ್ದರೆ ಕಾಯುವ ಮಾತೇ ಇಲ್ಲ, ತೊಡೆಯ ಸ್ನಾಯುವಿಗೆ ಅಡ್ರಿನಲಿನ್ 0.5 ಮಿ.ಗ್ರಾಂ. ಇದು ಬೇರೆ: ಈ ಔಷಧಿ ಬಿದ್ದ ಮೇಲೆ ಗಂಟಲಿನ ನರಗಳು ತಂಪಿಗೆ ವಿಪರೀತ ಕೆರಳುತ್ತವೆ. ಉಸಿರಿನ ದಾರಿ ತೆರೆದೇ ಇರುತ್ತದೆ, ಕಟ್ಟಿದ ಹಾಗೆ ಅನಿಸುತ್ತದೆ. ಪಕ್ಕದಲ್ಲೇ ಕೂತು ಧೈರ್ಯ ಹೇಳಿ, ಉಗುರುಬೆಚ್ಚಗಿನ ನೀರನ್ನು ಗುಟುಕು ಗುಟುಕಾಗಿ ಕೊಟ್ಟರೆ ಇಳಿಯುತ್ತದೆ. ಮುಂದಿನ ಸೈಕಲ್‌ನಲ್ಲಿ (ಕೀಮೋದ ಮುಂದಿನ ಸುತ್ತಿನಲ್ಲಿ) 2 ಗಂಟೆಯ ಡ್ರಿಪ್ಪನ್ನು 6 ಗಂಟೆಗೆ ಎಳೆಯುವುದೂ ಉಂಟು.

ಡಿಸ್ಚಾರ್ಜ್ ಶೀಟಿನಲ್ಲಿ "ಹೆಚ್ಚು ನೀರು ಕುಡಿಯಿರಿ" ಎಂದಷ್ಟೇ ಅಚ್ಚಾಗಿರುತ್ತದೆ. ಐದು ದಿನವಾದರೂ ಫ್ರಿಜ್ ನೀರು, ಐಸ್ ಬೇಡ ಎಂಬ ಒಂದು ಸಾಲು ಸೇರಿಸಿ ಎಂದು ಕೇಳಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ ಎಂಬ ಉತ್ತರ. ಭಯಪಡಬೇಕಿಲ್ಲದ ಆರೋಗ್ಯವಂತರು ಮಾತ್ರ ತಣ್ಣೀರಿಗೆ ಹೆದರುತ್ತಲೇ ಇರುತ್ತಾರೆ.

ಆರೋಗ್ಯವಂತರ ಹೊಟ್ಟೆಗೆ 4 ಡಿಗ್ರಿ ನೀರು ಹೋದರೂ ಅರ್ಧ ಗಂಟೆಯೊಳಗೆ ಮೈಯ ಬಿಸಿಗೆ ಬಂದುಬಿಡುತ್ತದೆ. ಜಠರ ಖಾಲಿಯಾಗುವುದು ಶುರುವಿನಲ್ಲಿ ತುಸು ನಿಧಾನವಾಗಬಹುದು, ಅಷ್ಟೇ. ತಣ್ಣೀರಿಗೆ ಊಟದ ಕೊಬ್ಬು ಒಳಗೆ ಹೆಪ್ಪುಗಟ್ಟುತ್ತದೆ ಎನ್ನುವವರಿದ್ದಾರೆ, ಹಾಗೇನೂ ಆಗುವುದಿಲ್ಲ. ಅರ್ಧ ಲೀಟರ್ ತಣ್ಣೀರನ್ನು 37 ಡಿಗ್ರಿಗೆ ತರಲು ದೇಹಕ್ಕೆ ಬೇಕಾಗುವುದು ಸುಮಾರು 17 ಕಿಲೋಕ್ಯಾಲರಿ, ತೂಕ ಇಳಿಸಲು ಅದು ಲೆಕ್ಕಕ್ಕೇ ಇಲ್ಲ. ಅಕಲೇಸಿಯ (ಅನ್ನನಾಳದ ಕೆಳತುದಿ ಸರಿಯಾಗಿ ಸಡಿಲಾಗದ ಕಾಯಿಲೆ) ಇದ್ದವರ ವಿಷಯ ಬೇರೆ: ತಂಪಿಗೆ ಅನ್ನನಾಳದ ಕೆಳಗಿನ ಬಿಗಿತ ಹೆಚ್ಚಾಗಿ ಎದೆ ಹಿಡಿಯುತ್ತದೆ, ಬೆಚ್ಚಗಿನ ನೀರಿಗೆ ಸಡಿಲಾಗುತ್ತದೆ.

ಬಿಸಿಗೂ ಮಿತಿ ಇದೆ. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುವ ಪಟ್ಟಿಗೆ ಸೇರಿಸಿತು. ಕೆಂಪು ನಲ್ಲಿಯ 90 ಡಿಗ್ರಿ ನೀರಿಗೆ ಅಷ್ಟೇ ಪ್ರಮಾಣದ 25 ಡಿಗ್ರಿ ನೀರು ಬೆರೆಸಿದರೂ 57ರ ಮೇಲೇ ಇರುತ್ತದೆ. ಬಾಯಿಹುಣ್ಣಿನವರಿಗೆ ಅದೂ ಸುಡುತ್ತದೆ, ಉಗುರುಬೆಚ್ಚಗೆ ಮಾಡಿಯೇ ಕೊಡಬೇಕು.

ಕೌಂಟ್ (ರಕ್ತದ ಬಿಳಿಕಣಗಳ ಸಂಖ್ಯೆ) ಕಡಿಮೆ ಇರುವವರಿಗೆ ಇನ್ನೊಂದು ಎಚ್ಚರ: ಬೆಚ್ಚಗಿದ್ದ ಮಾತ್ರಕ್ಕೆ ನೀರು ಶುದ್ಧವಲ್ಲ. ಕೊತಕೊತ ಕುದಿಯತೊಡಗಿದ ಮೇಲೆ ಪೂರ್ತಿ ಒಂದು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ, ತೊಳೆದ ಲೋಟಕ್ಕೆ ಬಗ್ಗಿಸಿ ಕೊಡಿ. ಒಳಗೆ ಸೌಟು, ಕೈ ಅದ್ದಬೇಡಿ.